ಹಳೇ ಸಿಸಿ ರಸ್ತೆ ಮೇಲೆ ಡಾಂಬರು ಹಾಕೋ ಮೊದಲು

ಹಳೇ ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆ ಮೇಲೆ ಸೀದಾ ಡಾಂಬರು ಹಾಕಿದ್ರೆ ಕೆಳಗೆ ಸ್ಲ್ಯಾಬ್‌ಗಳ ನಡುವೆ ಎಲ್ಲೆಲ್ಲಿ ಜಾಯಿಂಟ್ ಇತ್ತೋ ಅಲ್ಲಲ್ಲೇ ಮೇಲೂ ಬಿರುಕು ಬರ್ತದೆ. ಸ್ಲ್ಯಾಬ್ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ತದೆ, ಗಾಡಿ ಹತ್ತಿದಾಗ ಅಲ್ಲಾಡ್ತದೆ. ಹಿಗ್ಗೋದನ್ನ ತಡೆಯೋಕಾಗಲ್ಲ, ಅಲ್ಲಾಡೋದನ್ನ ನಿಲ್ಲಿಸ್ಲೇಬೇಕು.

ಯಾವ ಸ್ಲ್ಯಾಬ್ ಅಲ್ಲಾಡ್ತದೆ ಅಂತ ನೋಡೋಕೆ ಮಳೆಗಾಲವೇ ಬೆಸ್ಟ್. ಕಾರವಾರ, ಅಂಕೋಲಾ, ಕುಮಟಾ ಕಡೆ ಜುಲೈಯಲ್ಲಿ ಮಳೆ ಸ್ವಲ್ಪ ಹೊಳವಾದಾಗ ಜಾಯಿಂಟ್ ಹತ್ರ ನಿಂತು ನೋಡಿ, ಲೋಡ್ ಟಿಪ್ಪರ್ ಹೋದ ಕೂಡ್ಲೇ ಸಂದಿಂದ ಕೆಂಪು ನೀರು ಪಿಚಕ್ ಅಂತ ಹಾರಿದ್ರೆ ಅಡಿ ಮಣ್ಣು ತೊಳೆದು ಹೋಗಿ ಪೊಳ್ಳಾಗಿದೆ ಅಂತ ಲೆಕ್ಕ. ಅಂಥ ಸ್ಲ್ಯಾಬೆಲ್ಲ ಬರ್ದಿಟ್ಕೊಳ್ಳಿ. ಗಟಾರ ಕಟ್ಟಿದ್ರೆ ಮೊದ್ಲು ಅದನ್ನ ಬಿಡಿಸಿ, ನೀರು ಹೋಗೋಕೆ ದಾರಿ ಇಲ್ದೇ ಇದ್ರೆ ಮುಂದಿನದ್ದೆಲ್ಲ ದಂಡ.

ಮಳೆ ಪೂರ್ತಿ ಹೋದ್ಮೇಲೆ, ನವೆಂಬರ್ ದಾಟಿ ಕೆಲ್ಸ ಹಿಡೀರಿ. ಪೊಳ್ಳಿದ್ದ ಸ್ಲ್ಯಾಬಿಗೆ ಡ್ರಿಲ್ ಹೊಡೆದು ಸಿಮೆಂಟ್ ಗ್ರೌಟ್ (ನೀರಾಗಿ ಕಲಸಿದ ಸಿಮೆಂಟ್) ಪಂಪ್ ಮಾಡ್ಬೇಕು, ಪ್ರೆಶರ್ ಜಾಸ್ತಿಯಾಗಿ ಸ್ಲ್ಯಾಬೇ ಮೇಲೆದ್ರೆ ಹೊಸ ಬಿರುಕು, ಅದಕ್ಕೆ ಒಬ್ರು ಅಂಚು ನೋಡ್ತಾ ಇರ್ಲಿ. ಚೂರಾದ ಜಾಗನ ಕಟರಲ್ಲಿ ಚೌಕ ಕೊಯ್ದು ಪೂರಾ ತೆಗೆದು, ಅಡಿ ದಮ್ಮಸ್ ಮಾಡಿ, ಹಳೇ ಸ್ಲ್ಯಾಬಿಗೆ ಹಳೇದು ಹೊಸದು ಜೋಡಿಸೋ ಡೋವೆಲ್ ಸರಳು ಕೂರ್ಸಿ ಕಾಂಕ್ರೀಟೇ ತುಂಬಿ, ಮಣ್ಣು ಜಲ್ಲಿ ತುಂಬಿ ಮುಚ್ಬೇಡಿ. ರಸ್ತೆಪೂರ್ತಿ ಒಡೆದು ಹೋಗಿದ್ರೆ ಸ್ಲ್ಯಾಬನ್ನೇ ಒಡೆದು ರೋಲರಲ್ಲಿ ಕೂರ್ಸೋ ಪದ್ಧತಿನೂ ಇದೆ, ಆದ್ರೆ ನಮ್ಮ ಪೇಟೆ ಓಣಿಗಳಲ್ಲಿ ಚಿರೇಕಲ್ಲಿನ ಹಳೇ ಮನೆ, ನೀರಿನ ಪೈಪು ಎಲ್ಲ ರಸ್ತೆಗೇ ಅಂಟಿಕೊಂಡಿರ್ತಾವೆ, ಅಲ್ಲಿ ನಾನಂತೂ ಬೇಡ ಅಂತೀನಿ.

ಜಾಯಿಂಟಲ್ಲಿರೋ ಹುಲ್ಲು, ಮರಳು, ಹಳೇ ಟಾರು ಕೆರೆದು ಕಂಪ್ರೆಸರ್ ಗಾಳಿ ಹೊಡೀರಿ, ಒಣಗಿದ್ಮೇಲೆ ಸಂದಿ ಮುಚ್ಚೋ ಸೀಲಂಟ್ ಹಾಕಿ, ಅಂಚಿಗಿಂತ ಸ್ವಲ್ಪ ಕೆಳಗೇ ನಿಲ್ಸಿ. ಆಮೇಲೆ ಪ್ರತಿ ಜಾಯಿಂಟಿನ ನೇರಕ್ಕೆ ರಸ್ತೆ ಎರಡೂ ಬದಿ, ಡಾಂಬರು ಮುಚ್ಚದ ಜಾಗದಲ್ಲಿ ಮೊಳೆ ಹೊಡೆದು ಪೇಂಟ್ ಹಚ್ಚಿ.

ಧೂಳು ಗುಡ್ಸಿ ಟ್ಯಾಕ್ ಕೋಟ್, ಅಂದ್ರೆ ಮೇಲಿನ ಡಾಂಬರು ಅಂಟೋಕೆ ಹೊಡೆಯೋ ತೆಳು ಪದರ. ಕಾಂಕ್ರೀಟ್ ಮೇಲೆ ಚದರ ಮೀಟರಿಗೆ 0.30ರಿಂದ 0.35 ಕೆಜಿ ಇಮಲ್ಷನ್ (ನೀರಲ್ಲಿ ಬೆರೆಸಿದ ಡಾಂಬರು), ಜಾಸ್ತಿ ಸುರಿದ್ರೆ ಮೇಲಿನ ಪದರ ಜಾರ್ತದೆ. ಕಂದು ಬಣ್ಣ ಹೋಗಿ ಕಪ್ಪಾಗೋ ತನಕ ಟಿಪ್ಪರ್ ಹತ್ತಿಸ್ಬೇಡಿ, ಗಡಿಬಿಡಿಲಿ ಎಲ್ರೂ ಇಲ್ಲೇ ಕೆಡಿಸೋದು. ಜಾಯಿಂಟ್ ಮೇಲೆ ಗ್ಲಾಸ್ ಗ್ರಿಡ್ (ಗಾಜಿನ ನಾರಿನ ಬಲೆ) ಹಾಸಿದ್ರೆ ಬಿರುಕು ತಡವಾಗಿ ಬರ್ತದೆ, ಬರೋದೇ ಇಲ್ಲ ಅಂತಲ್ಲ.

ಡಾಂಬರು ತಣಿದ್ಮೇಲೆ ಆ ಮೊಳೆಗಳಿಗೆ ದಾರ ಕಟ್ಟಿ, ಅದೇ ಗೆರೆ ಮೇಲೆ ಕಟರ್ ಓಡ್ಸಿ ಸೀಲಂಟ್ ತುಂಬಿ. ಬಿರುಕು ಅಲ್ಲೇ ನೇರ ಬರ್ತದೆ, ನೀರು ಇಳಿಯಲ್ಲ. ಗೆರೆ ಜಾಯಿಂಟಿಂದ ಒಂದಿಂಚು ಆಚೀಚೆ ಆದ್ರೂ ಪಕ್ಕದಲ್ಲೇ ಇನ್ನೊಂದು ಬಿರುಕು ಏಳ್ತದೆ, ಹಾಗಾಗಿ ದಾರ ಬಿಗಿಯಾಗಿ ಎಳೀರಿ.