ಕರೆಂಟ್ ಹೋಗಿ ಬಂದರೂ ಪ್ರಿಂಟರ್ ವಿಳಾಸ ಬದಲಾಗದಂತೆ ಮಾಡುವುದು ಹೇಗೆ?

ಕರೆಂಟ್ ಹೋಗಿ ಬರುತ್ತದೆ. ನಿನ್ನೆವರೆಗೆ ಕೆಲಸ ಮಾಡಿದ ವೈಫೈ ಪ್ರಿಂಟರ್ ‘ಆಫ್‌ಲೈನ್’ ಅನ್ನುತ್ತದೆ. ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕುತ್ತಾ ಅರ್ಧ ದಿನ ಕಳೆಯುವವರನ್ನು ಡಿಟಿಪಿ ಅಂಗಡಿಗಳಲ್ಲಿ ಎಷ್ಟೋ ಸಲ ನೋಡಿದ್ದೇನೆ. ಹೆಚ್ಚಿನ ಸಲ ಪ್ರಿಂಟರ್ ಕೆಟ್ಟಿರುವುದಿಲ್ಲ, ಅದರ ವಿಳಾಸ ಬದಲಾಗಿರುತ್ತದೆ.

ನೆಟ್‌ವರ್ಕ್‌ನಲ್ಲಿ ಪ್ರತಿ ಯಂತ್ರಕ್ಕೂ ಮೂರು ಗುರುತು. ಒಂದು, ನಾವು ಇಡುವ ಹೆಸರು. ಎರಡು, ರೌಟರ್ ಕೊಡುವ ಐಪಿ ವಿಳಾಸ, 192.168.1.7 ಥರ. ಇದು ಬಾಡಿಗೆ ಮನೆ ಇದ್ದಂತೆ, ಬದಲಾಗಬಹುದು. ಮೂರು, ತಯಾರಕರೇ ಬರೆದು ಕಳಿಸುವ 12 ಅಂಕಿ-ಅಕ್ಷರದ ಮ್ಯಾಕ್ ವಿಳಾಸ.

ಮೊದಲು ಕಂಪ್ಯೂಟರುಗಳಿಗೆ ಹೆಸರಿಡಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್‌ಗೆ ಹೋದರೆ ಹೆಸರು ಬದಲಿಸುವ ಗುಂಡಿ ಇದೆ. 15 ಅಕ್ಷರದೊಳಗಿರಲಿ. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಸಾಕು, ನಡುವೆ ಜಾಗ ಬೇಡ. ಕೆಲಸದವರ ಹೆಸರು ಇಡಲೇಬೇಡಿ, ಅವರು ಬಿಟ್ಟು ಹೋದ ಮೇಲೆ ಗೊಂದಲ. ‘Counter-1’ ಅಂತ ಜಾಗದ ಹೆಸರಿಡಿ.

ಈಗ ಜನ ಎಡವುವ ಕಡೆ. ಪ್ರಿಂಟರಿಗೆ ಒಂದೇ ಐಪಿ ಕಾಯ್ದಿರಿಸಲು ಅದರ ಮ್ಯಾಕ್ ವಿಳಾಸ ಬೇಕು. ಪ್ರಿಂಟರಿನ ಮೆನುವಿನಿಂದ ನೆಟ್‌ವರ್ಕ್ ವಿವರದ ಹಾಳೆ ಪ್ರಿಂಟ್ ತೆಗೆಯಿರಿ. ಅದರಲ್ಲಿ ಎರಡು ಮ್ಯಾಕ್ ವಿಳಾಸ ಇರಬಹುದು: ಕೇಬಲ್ ಸಂಪರ್ಕಕ್ಕೊಂದು, ವೈಫೈಗೊಂದು. ನೀವು ವೈಫೈ ಬಳಸುತ್ತಿದ್ದರೆ ವೈಫೈದೇ ಬೇಕು. ತಪ್ಪಾಗುವುದು ಇಲ್ಲೇ ಜಾಸ್ತಿ. ನಕಲು ಮಾಡುವಾಗ ಇನ್ನೊಂದು ನೆನಪಿರಲಿ. ಮ್ಯಾಕ್‌ನಲ್ಲಿ 0ಯಿಂದ 9, ‘ಎ’ಯಿಂದ ‘ಎಫ್’ ಮಾತ್ರ ಬರುತ್ತವೆ. ‘ಓ’ ಅಕ್ಷರ ಇಲ್ಲವೇ ಇಲ್ಲ, ಹಾಗೆ ಕಂಡದ್ದು ಸೊನ್ನೆ. ‘ಬಿ’ ಮತ್ತು 8 ಎರಡೆರಡು ಸಲ ನೋಡಿ. ಲ್ಯಾಪ್‌ಟಾಪ್‌ಗೂ ಹೀಗೆ ಐಪಿ ಕಾಯ್ದಿರಿಸುವುದಾದರೆ ವೈಫೈ ಸೆಟ್ಟಿಂಗ್‌ನಲ್ಲಿ ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್’ ಆಫ್ ಮಾಡಿ. ಇಲ್ಲದಿದ್ದರೆ ಅದು ಬೇರೆ ಮ್ಯಾಕ್ ತೋರಿಸುತ್ತದೆ.

ಬಳಿಕ ಬ್ರೌಸರಿನಲ್ಲಿ ರೌಟರಿನ ಸೆಟ್ಟಿಂಗ್ ಪುಟ ತೆರೆದು, ಡಿಎಚ್‌ಸಿಪಿ (ಯಂತ್ರಗಳಿಗೆ ಐಪಿ ಹಂಚುವ ವ್ಯವಸ್ಥೆ) ಅಡಿ ‘ಅಡ್ರೆಸ್ ರಿಸರ್ವೇಶನ್’ನಲ್ಲಿ ಆ ಮ್ಯಾಕ್‌ಗೆ ಯಾರೂ ಬಳಸದ ಒಂದು ಐಪಿ ಬರೆದು ಸೇವ್ ಮಾಡಿ. ಆಮೇಲೆ ರೌಟರ್ ಪ್ರತಿ ಸಲ ಪ್ರಿಂಟರಿಗೆ ಅದೇ ಐಪಿ ಕೊಡುತ್ತದೆ. ಈ ಸೌಲಭ್ಯವೇ ಇಲ್ಲದ ರೌಟರ್ ಎಷ್ಟು ಅಗ್ಗವಾದರೂ ಕೊಳ್ಳಬೇಡಿ.

ಕೆಲವರು ಸುಮ್ನೆ ಪ್ರಿಂಟರಿನಲ್ಲೇ ಐಪಿ ಬರೆದುಬಿಡುತ್ತಾರೆ. ರೌಟರಿಗೆ ಅದು ಗೊತ್ತಿರುವುದಿಲ್ಲ, ಅಲ್ವಾ? ಅದೇ ವಿಳಾಸವನ್ನು ಯಾರದೋ ಮೊಬೈಲಿಗೂ ಕೊಡಬಹುದು. ಆಗ ಎರಡೂ ಸರಿಯಾಗಿ ಸಿಗುವುದಿಲ್ಲ.

ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ಕಂಪ್ಯೂಟರಿನ ಪಟ್ಟಿಯಿಂದ ಪ್ರಿಂಟರನ್ನು ತೆಗೆದು, ಹೊಸ ಐಪಿ ಕೊಟ್ಟು ಮತ್ತೆ ಸೇರಿಸಿ. ಕೊನೆಗೆ ರೌಟರ್, ಪ್ರಿಂಟರ್ ಎರಡರ ಸ್ವಿಚ್ಚನ್ನೂ ಆರಿಸಿ, ಐದು ನಿಮಿಷ ಬಿಟ್ಟು ಹಾಕಿ, ಒಂದು ಹಾಳೆ ಪ್ರಿಂಟ್ ಕೊಟ್ಟು ನೋಡಿ.