ಒಬ್ಬರೇ ವೈದ್ಯರು, ಒಂದೇ ನೋಟ್‌ಬುಕ್: ಬಿಪಿ, ಶುಗರ್ ಇರುವವರಿಗೆ

ನವಲಗುಂದದ ನಮ್ಮ ಸೋದರತ್ತೆ ಹುಬ್ಬಳ್ಳಿಗೆ ಬಂದಾಗ ಬಟ್ಟೆ ಅಂಗಡಿಯ ಕೈಚೀಲದ ತುಂಬ ಆಸ್ಪತ್ರೆ ಕಾಗದಗಳಿದ್ದವು. ಎಲ್ಲವನ್ನೂ ಜಮಖಾನದ ಮೇಲೆ ಸುರುವಿದೆ. ಎರಡು ಬಗೆಯ ಗುಳಿಗೆಗಳ ಹೆಸರು ಬೇರೆ, ಬಣ್ಣ ಬೇರೆ. ಕೆಳಗಿನ ಸಣ್ಣ ಅಕ್ಷರ ಮಾತ್ರ ಒಂದೇ: ಮೆಟ್‌ಫಾರ್ಮಿನ್ 500, ಶುಗರ್‌ನ ಔಷಧ. ಒಂದು ಊರಿನ ವೈದ್ಯರು ಬರೆದದ್ದು, ಇನ್ನೊಂದು ಹುಬ್ಬಳ್ಳಿಯವರು. ಅತ್ತೆ ಎರಡನ್ನೂ ನುಂಗುತ್ತಿದ್ದರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಮೊದಲ ಕೆಲಸ, ಒಬ್ಬ ವೈದ್ಯರನ್ನು ಹಿಡಿಯುವುದು. ಬೋರ್ಡಿನ ಮೇಲಿನ ಪದವಿಗಳನ್ನು ಎಣಿಸಬೇಡಿ. ಮನೆಗೆ ಹತ್ತಿರ ಇದ್ದಾರೆಯೇ, ಹೇಳುವುದನ್ನು ಕೇಳಿಸಿಕೊಳ್ಳುತ್ತಾರೆಯೇ, ಅಷ್ಟು ನೋಡಿ. ಪ್ರಾಥಮಿಕ ಆರೋಗ್ಯ ಕೇಂದ್ರವೂ ಆದೀತು, 2022ರ ಡಿಸೆಂಬರ್‌ನಲ್ಲಿ ಹುಬ್ಬಳ್ಳಿಯಿಂದಲೇ ಶುರುವಾದ ‘ನಮ್ಮ ಕ್ಲಿನಿಕ್’ ಎಂಬ ಸರ್ಕಾರಿ ಚಿಕಿತ್ಸಾಲಯವೂ ಆದೀತು. ಮೂವತ್ತು ದಾಟಿದವರಿಗೆ ಅಲ್ಲಿ ಬಿಪಿ, ಶುಗರ್ ತಪಾಸಣೆ ಉಚಿತ. ಸರ್ಕಾರಿ ವೈದ್ಯರಿಗೆ ವರ್ಗಾವಣೆ ತಪ್ಪಿದ್ದಲ್ಲ. ಅದಕ್ಕೇ ಎರಡನೆಯ ಕೆಲಸ ಇನ್ನೂ ಮುಖ್ಯ.

ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಮೊದಲ ಪುಟದಲ್ಲಿ ಕಾಯಿಲೆ ಯಾವ ವರ್ಷದಿಂದ ಇದೆ, ಯಾವ ಔಷಧ ಮೈಗೆ ಒಗ್ಗುವುದಿಲ್ಲ, ಯಾವ ಶಸ್ತ್ರಚಿಕಿತ್ಸೆ ಆಗಿದೆ ಎಂದು ಬರೆಯಿರಿ. ಮುಂದಿನ ಪುಟಗಳಲ್ಲಿ ತಾರೀಖು, ಬಿಪಿ, ಊಟಕ್ಕೆ ಮುಂಚಿನ ಶುಗರ್, ಊಟದ ನಂತರದ ಶುಗರ್, ತೂಕ. ವರದಿಗಳನ್ನು ತಾರೀಖಿನ ಪ್ರಕಾರ ಫೈಲಿಗೆ ಸೇರಿಸಿ. ನುಣುಪು ಕಾಗದದ ಇಸಿಜಿ ಕೆಲವು ವರ್ಷಗಳಲ್ಲಿ ಮಾಸಿ ಬಿಳಿಯಾಗುತ್ತದೆ. ಅದೇ ವಾರ ಜೆರಾಕ್ಸ್ ಮಾಡಿಸಿ. ಹಳೆಯ ಇಸಿಜಿ ಪಕ್ಕದಲ್ಲಿದ್ದರೆ ಹೊಸದರಲ್ಲಿ ಏನು ಬದಲಾಗಿದೆ ಎಂಬುದು ವೈದ್ಯರಿಗೆ ತಿಳಿಯುತ್ತದೆ.

ಗುಳಿಗೆಯ ವಿಷಯಕ್ಕೆ ಬನ್ನಿ. ‘ಬಿಳಿಯದು, ಸಣ್ಣದು, ರಾತ್ರಿಯದು’ ಎಂದರೆ ಯಾವ ವೈದ್ಯರಿಗೂ ಅರ್ಥವಾಗದು. ಗುಳಿಗೆಯ ಸ್ಟ್ರಿಪ್ಪನ್ನೇ ಒಯ್ಯಿರಿ. ಔಷಧ ಅಂಗಡಿಯವರು ನಾಲ್ಕೇ ಗುಳಿಗೆ ಕತ್ತರಿಸಿ ಕೊಟ್ಟಾಗ ಹೆಸರು, ಅವಧಿಯ ತಾರೀಖು ಉಳಿದ ಅರ್ಧದ ಜೊತೆ ಅಂಗಡಿಯಲ್ಲೇ ಉಳಿದುಬಿಡುತ್ತವೆ. ಹೆಸರಿರುವ ಭಾಗವನ್ನೇ ಕೇಳಿ ಪಡೆಯಿರಿ. ಮಂಡಿ ನೋವಿಗೆ ತಾವಾಗಿಯೇ ಕೊಂಡ ಗುಳಿಗೆ, ಪಕ್ಕದ ಊರಿನ ನಾಟಿ ಔಷಧ, ಎಲ್ಲವನ್ನೂ ಹೇಳಿ. ಕೆಲವು ನೋವಿನ ಗುಳಿಗೆಗಳು ಬಿಪಿ ಏರಿಸುತ್ತವೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ತಪಾಸಣೆಗೆ ಎರಡು ದಿನ ಮೊದಲು ಹೋಳಿಗೆ ಬಿಟ್ಟು ಸಭ್ಯರಾಗುವವರು ನಮ್ಮಲ್ಲಿ ಬಹಳ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು-ಮೂರು ತಿಂಗಳ ಶುಗರ್‌ನ ಸರಾಸರಿ ಹೇಳುತ್ತದೆ. ಅದರ ಮುಂದೆ ಈ ಆಟ ನಡೆಯುವುದಿಲ್ಲ.

ದೊಡ್ಡ ಆಸ್ಪತ್ರೆಗೆ ಕಳಿಸಿದರೆ ನೋಟ್‌ಬುಕ್ ಜೊತೆಗಿರಲಿ. ಬರುವಾಗ ಬಿಡುಗಡೆ ಪತ್ರ ಪಡೆದು, ವಾರದೊಳಗೆ ನಿಮ್ಮ ವೈದ್ಯರಿಗೆ ತೋರಿಸಿ, ಹಳೆಯ ಗುಳಿಗೆಗಳಲ್ಲಿ ಯಾವುದು ನಿಂತಿತು, ಯಾವುದು ಮುಂದುವರಿಯಿತು ಎಂದು ಬರೆಸಿಕೊಳ್ಳಿ. ಅತ್ತೆಯ ಗೊಂದಲ ಹುಟ್ಟಿದ್ದು ಇಲ್ಲೇ. ದಾಖಲೆ ಕೇಳಲು ಸಂಕೋಚ ಬೇಡ: ಒಳರೋಗಿಯಾಗಿದ್ದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಪರಿಷತ್ತಿನ ನಿಯಮವೇ ಇದೆ.

ನಿಮ್ಮ ವೈದ್ಯರಿಗೆ ವರ್ಗವಾದರೆ, ಹೊರಡುವ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಒಂದು ಪುಟದ ಸಾರಾಂಶ ಬರೆದುಕೊಡಲು ಕೇಳಿ. ಅತ್ತೆ ಕೇಳಿದಾಗ ಅವರ ವೈದ್ಯರು ನಕ್ಕು, ಒಂದಲ್ಲ, ಎರಡು ಪುಟ ಬರೆದುಕೊಟ್ಟರು.