ಹುಣಸೆಹಣ್ಣಿನ ಗೋಡೌನಿನ ಮೇಲೊಂದು ಲಾಫ್ಟ್ ಮನೆ: ಕಟ್ಟಿ ಮಾರಿದ ನನ್ನ ಅನುಭವ

ತುಮಕೂರಿನ ಮಂಡಿಪೇಟೆ ಸುತ್ತಮುತ್ತ ಹಳೇ ಗೋಡೌನುಗಳು ಇನ್ನೂ ಇವೆ. ವ್ಯಾಪಾರ ಎಪಿಎಂಸಿ ಯಾರ್ಡಿಗೆ ಹೋದ ಮೇಲೆ ಕೆಲವಕ್ಕೆ ಬೀಗ ಬಿತ್ತು, ಕೆಲವನ್ನು ಒಡೆದು ಕಾಂಪ್ಲೆಕ್ಸ್ ಕಟ್ಟಿದರು. ನಾನು ಮತ್ತು ನನ್ನ ಪಾಲುದಾರ ಕೊಂಡಿದ್ದು ಹುಣಸೆಹಣ್ಣು ತುಂಬುತ್ತಿದ್ದ ಒಂದು ಗೋಡೌನು. ಕೆಳಗೊಂದು, ಮೇಲೊಂದು ಮಹಡಿ. ಸೈಜುಗಲ್ಲಿನ ದಪ್ಪ ಗೋಡೆ, ಸೂರು ಹೊರುವ ಕಬ್ಬಿಣದ ತ್ರಿಕೋನ ಚೌಕಟ್ಟು ಅಂದರೆ ಟ್ರಸ್ಸು, ಅದರ ಮೇಲೆ ಮಂಗಳೂರು ಹೆಂಚು. ಮೇಲಿನ ಮಹಡಿ ಪೂರ್ತಿ ಒಂದೇ ಮನೆ ಮಾಡಿ ಮಾರಿದೆವು. ಹಳೇ ಗೋಡೌನಿನ ಎತ್ತರವನ್ನು ಹಾಗೇ ಉಳಿಸಿ ಮಾಡಿದ ಇಂಥ ಮನೆಗೇ ಲಾಫ್ಟ್ ಅನ್ನೋದು. ಬೆಂಗಳೂರಿನಲ್ಲಾದರೆ ಇದಕ್ಕೆ ‘ಲಕ್ಸುರಿ ಪೆಂಟ್‌ಹೌಸ್ ಲಾಫ್ಟ್’ ಅಂತ ಬೋರ್ಡು ಹಾಕುತ್ತಾರೆ. ನಾವೂ ಹಾಕಿದೆವು. ಫೋನ್ ಮಾಡಿದವರೆಲ್ಲ “ಡುಪ್ಲೆಕ್ಸಾ ಸಾರ್?” ಅಂತಲೇ ಕೇಳಿದರು.

ಮೊದಲ ಜಗಳ ಆಗಿದ್ದು ಎತ್ತರದ ಮೇಲೆ. “ಪೂರ್ತಿ ಅಟ್ಟ ಹಾಕಿಬಿಡೋಣ ಕಣೋ, ಚದರ ಡಬಲ್ ಆಗುತ್ತೆ” ಅಂದ ಪಾಲುದಾರ. ಅವನ ಲೆಕ್ಕ ಸುಳ್ಳಲ್ಲ. ನಮ್ಮ ಕಡೆ ಮನೆಗೆ ಬೆಲೆ ಕಟ್ಟೋದು ಚದರದಲ್ಲಿ, ನೂರು ಚದರಡಿಗೆ ಇಷ್ಟು ಅಂತ. ತಲೆ ಮೇಲಿನ ಖಾಲಿ ಜಾಗಕ್ಕೆ ಯಾರೂ ಕಾಸು ಹಾಕಲ್ಲ. ಆದರೆ ಪೂರ್ತಿ ಅಟ್ಟ ಹಾಕಿದರೆ ಸಿಗೋದು ಎರಡು ಗಿಡ್ಡ ಮನೆ. ಅಂಥ ಮನೆ ಬೇಕಾದವರು ಶಿರಾ ಗೇಟ್ ಕಡೆ ಹೊಸ ಅಪಾರ್ಟ್‌ಮೆಂಟೇ ಕೊಳ್ಳುತ್ತಾರಲ್ವಾ? ನಾವು ಮಾರಬೇಕಾಗಿದ್ದ ಮಾಲೇ ಆ ಎತ್ತರ. ಕೊನೆಗೆ ಜಗಳ ಮುಗಿಸಿದ್ದು ಕಟ್ಟಡ ಹೇಗಿರಬೇಕು ಅಂತ ಹೇಳುವ ನ್ಯಾಷನಲ್ ಬಿಲ್ಡಿಂಗ್ ಕೋಡ್. ಅಟ್ಟ ಕೆಳಗಿನ ಜಾಗದ ಮೂರನೇ ಒಂದು ಭಾಗ ದಾಟಬಾರದು, ತಲೆ ಮೇಲೆ 2.2 ಮೀಟರ್ ಆದರೂ ಇರಬೇಕು ಅನ್ನುತ್ತೆ ಅದು. ಒಂದು ತುದಿಯಲ್ಲಿ ಮಾತ್ರ ಅಟ್ಟ ಹಾಕಿದೆವು, ಉಳಿದದ್ದು ಹೆಂಚಿನ ತನಕ ಬಯಲು.

ಟ್ರಸ್ಸಿನ ಅಡ್ಡ ರಾಡುಗಳು ಅಟ್ಟದ ಮೇಲೆ ತಲೆಗೆ ತಾಗುತ್ತವೆ, ಕತ್ತರಿಸಿ ಹಾಕಿ ಅಂತ ಇಂಟೀರಿಯರ್ ಮಾಡೋ ಹುಡುಗ ಹೇಳಿದ. ಕತ್ತರಿಸಿದರೆ ಟ್ರಸ್ಸಿನ ಎರಡು ಕಾಲೂ ಅಗಲವಾಗಿ ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಆ ರಾಡು ಇರೋದೇ ಅದನ್ನು ತಡೆಯೋಕೆ. ಇಂಥ ಕಟ್ಟಡಕ್ಕೆ ಕೈ ಹಾಕುವವರು ಮೊದಲು ಸ್ಟ್ರಕ್ಚರಲ್ ಎಂಜಿನಿಯರ್‌ಗೆ ದುಡ್ಡು ಕೊಡಿ, ಆಮೇಲೆ ಇಂಟೀರಿಯರ್‌ಗೆ. ನಮ್ಮ ಎಂಜಿನಿಯರ್ ಅಟ್ಟದ ಭಾರ ಹಳೇ ಗೋಡೆಗೆ ಬೀಳದ ಹಾಗೆ ಪಾಯದಿಂದಲೇ ಹೊಸ ಕಬ್ಬಿಣದ ಕಂಬ ಎಬ್ಬಿಸಿದರು. ಮಹಡಿಯ ನೆಲದ ಬಗ್ಗೆ ಮಾತ್ರ ಚಿಂತೆ ಇರಲಿಲ್ಲ. ಮನೆಗೆ ಚದರ ಮೀಟರಿಗೆ ಸುಮಾರು 200 ಕೆಜಿ ಭಾರ ಲೆಕ್ಕ ಹಿಡಿಯುತ್ತಾರೆ. ಮೂಟೆ ಜೋಡಿಸುವ ಗೋಡೌನಿಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಆದರೂ ಪರೀಕ್ಷೆ ಮಾಡಿಸಿಯೇ ಮುಂದೆ ಹೋದೆವು.

ನಿಜವಾಗಿ ಕಾಡಿದ್ದು ಉಪ್ಪು. ಹುಣಸೆಹಣ್ಣು ಕೆಡದಿರಲಿ ಅಂತ ಉಪ್ಪು ಬೆರೆಸಿಡುತ್ತಾರೆ. ಅದು ವರ್ಷಾನುಗಟ್ಟಲೆ ಗೋಡೆಯ ಬುಡಕ್ಕೆ ಇಳಿದಿತ್ತು. ಮಳೆಗಾಲ ಬಂತು ಅಂದರೆ ಗೋಡೆ ಬೆವರುತ್ತಿತ್ತು, ಬಿಸಿಲು ಬಂದರೆ ಬಿಳಿ ಪುಡಿ ಏಳುತ್ತಿತ್ತು. ಮೇಸ್ತ್ರಿ ಬೆರಳಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡು, “ಉಪ್ಪೇ ಸಾರ್, ಸಾರಿಗೆ ಹಾಕ್ಕೋಬಹುದು” ಅಂದ. ಇದರ ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಬರೋಕೆ ದಾರಿಯಿಲ್ಲದೆ ಗಾರೆ ಸಮೇತ ಉದುರುತ್ತೆ. ಹಳೇ ಗಾರೆ ಕೆರೆದು, ಒಳ್ಳೆ ನೀರಲ್ಲಿ ನೆನೆಸಿ ಅರೆದ ಕಾಗದದ ಮುದ್ದೆಯನ್ನು ಗೋಡೆಗೆ ಮೆತ್ತಿದೆವು. ಅದು ಒಣಗುತ್ತಾ ಉಪ್ಪನ್ನು ತನ್ನೊಳಗೆ ಎಳೆದುಕೊಳ್ಳುತ್ತೆ. ಕಿತ್ತು ಎಸೆದು ಮತ್ತೆ ಮೆತ್ತಬೇಕು. ನೋಡಿದವರು ನಕ್ಕರು, ನಗಲಿ ಬಿಡಿ. ನಾಲಿಗೆಗೆ ರುಚಿ ಸಪ್ಪೆ ಆಗುವ ತನಕ ಮೆತ್ತಿ, ಆಮೇಲೆ ಸುಣ್ಣದ ಗಾರೆ ಮಾಡಿಸಿದೆವು. ಒಂದು ಕಡೆ ಕಲ್ಲನ್ನು ಹಾಗೇ ಬಿಟ್ಟೆವು.

ಇನ್ನು ಬಿಸಿಲು. ಹೆಂಚಿನ ಕೆಳಗಿನ ಅಟ್ಟ ಏಪ್ರಿಲ್‌ನಲ್ಲಿ ಕಾವಲಿ. ಹೆಂಚನ್ನೆಲ್ಲ ಇಳಿಸಿ, ಒಂದೊಂದನ್ನೂ ತಟ್ಟಿ ನೋಡಿ, ‘ಟಣ್’ ಅಂದದ್ದನ್ನು ಮಾತ್ರ ತೊಳೆದು ಇಟ್ಟುಕೊಂಡೆವು. ಸಿಮೆಂಟ್ ಬೋರ್ಡು, ಅದರ ಮೇಲೆ ಬಿಸಿ ತಡೆಯೋ ಕಲ್ಲುನಾರಿನ ಹಾಸು ಅಂದರೆ ರಾಕ್‌ವುಲ್, ಮೇಲೆ ರೀಪು, ಆಮೇಲೆ ಹೆಂಚು. ಹೆಂಚಿಗೂ ರಾಕ್‌ವುಲ್‌ಗೂ ನಡುವೆ ಒಂದಿಷ್ಟು ಸಂದು. ಸೂರಿನ ಅಂಚಲ್ಲಿ ಗಾಳಿ ಒಳಗೆ ಬರಬೇಕು, ನೆತ್ತಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗಬೇಕು. ಈ ನೆತ್ತಿಯ ಬಾಯಿ ಇಡದೆ ಎಷ್ಟು ದಪ್ಪ ರಾಕ್‌ವುಲ್ ಹಾಕಿದರೂ ಅರ್ಧ ಕೆಲಸ ಅಷ್ಟೇ.

ಬಚ್ಚಲುಗಳನ್ನು ಒಂದೇ ಮೂಲೆಗೆ ತಂದು, ಹಳೇ ನೆಲ ಅಗೆಯದೆ ಅಲ್ಲಿ ಮಟ್ಟ ಎತ್ತರಿಸಿ ಪೈಪು ಓಡಿಸಿದೆವು. ಲಿಫ್ಟನ್ನು ಹಿತ್ತಲಲ್ಲಿ ಕಟ್ಟಡಕ್ಕೆ ಅಂಟಿಸಿ ಪ್ರತ್ಯೇಕವಾಗಿ ನಿಲ್ಲಿಸಿದೆವು. ಅದಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು.

ಕಾಗದದ ಕೆಲಸ ಕಟ್ಟಡದ ಕೆಲಸಕ್ಕಿಂತ ನಿಧಾನ. ವಾಣಿಜ್ಯ ಅಂತ ಇದ್ದದ್ದು ವಾಸಕ್ಕೆ ಬದಲಾಗಬೇಕು. ನಗರಾಭಿವೃದ್ಧಿ ಪ್ರಾಧಿಕಾರ, ಮಹಾನಗರ ಪಾಲಿಕೆ, ಆಮೇಲೆ ಬೆಸ್ಕಾಂ ಮೀಟರು. ಹಳೇ ಮಂಡಿ ಕುಟುಂಬದ ಆಸ್ತಿ ಅಂದರೆ ವಂಶವೃಕ್ಷ, ವಿಭಾಗ ಪತ್ರ ಎರಡನ್ನೂ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ಜಾಗ 500 ಚದರ ಮೀಟರ್ ಮೀರಲಿಲ್ಲ, ಮನೆಯೂ ಎಂಟಕ್ಕಿಂತ ಕಡಿಮೆ, ಹಾಗಾಗಿ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಾಗಲಿಲ್ಲ. ಆದರೂ ಕೆಳಗಿನ ಮಹಡಿ, ಮೇಲಿನ ಮನೆ ಇವೆರಡಕ್ಕೂ ನೆಲದಲ್ಲಿ ಎಷ್ಟೆಷ್ಟು ಪಾಲು ಅಂತ ಪತ್ರ ಬರೆಸಿದೆವು. ಹೆಂಚು ಸೋರಿದರೆ ಖರ್ಚು ಯಾರದ್ದು ಅನ್ನೋದನ್ನೂ ಅದರಲ್ಲೇ ಹಾಕಿದೆವು. ಕಂಪ್ಲೀಷನ್ ಸರ್ಟಿಫಿಕೇಟ್ ಬರುವ ತನಕ ಯಾರ ಹತ್ತಿರವೂ ಕಾಸು ಮುಟ್ಟಲಿಲ್ಲ. ಅದು ಬಂದ ಮೇಲೆ ಹಣ ಪಡೆದರೆ ಜಿಎಸ್‌ಟಿ ಇಲ್ಲ.

ಮನೆ ತೋರಿಸೋದಕ್ಕೆ ಬ್ರೋಕರ್ ಸಂಜೆ ಹೊತ್ತು, ಲೈಟು ಹಾಕಿ ಅಂದ. ನಾನು ಬಂದವರಿಗೆಲ್ಲ ಬೇಸಿಗೆಯ ಮಧ್ಯಾಹ್ನವೇ ಬರೋಕೆ ಹೇಳಿದೆ. ಹೆಂಚಿನ ಮನೆ ಅಂದಾಕ್ಷಣ ಅವರ ಮನಸ್ಸಲ್ಲಿ ಏಳೋದೇ ಸೆಕೆಯ ಪ್ರಶ್ನೆ. ಎರಡು ಗಂಟೆಗೆ ಅಟ್ಟ ಹತ್ತಿಸಿ ಕೂರಿಸಿದರೆ ನಾನು ಬಾಯಿ ಬಿಡೋದೇ ಬೇಡ. ಬೆಳಗಿನ ಜಾವ ಲಾರಿ ಸದ್ದಿರುತ್ತೆ ಅನ್ನೋದನ್ನು ನಾನೇ ಮೊದಲು ಹೇಳುತ್ತಿದ್ದೆ. ಕೆಲವರು ಅಲ್ಲಿಗೇ ವಾಪಸ್ ಹೋದರು.

ಕೊಂಡವರು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಮರಳಿದ ಗಂಡ-ಹೆಂಡತಿ. ಅವರಿಗೆ ಕಲ್ಲಿನ ಗೋಡೆ ಹಿಡಿಸಿತು, ಪೂರ್ವದ ಕಿಟಕಿಯಲ್ಲಿ ದೇವರಾಯನದುರ್ಗದ ಸಾಲು ಕಂಡಿದ್ದು ಇನ್ನೂ ಹಿಡಿಸಿತು. ಜೊತೆಗೆ ಬಂದಿದ್ದ ಅಮ್ಮ ಮಾತ್ರ ಸುತ್ತ ನೋಡಿ, “ಎಲ್ಲಾ ಸರಿ ಕಣಪ್ಪಾ, ಹಪ್ಪಳ ಒಣಗಿಸೋಕೆ ತಾರಸಿ ಎಲ್ಲಿ?” ಅಂದರು. ಇಳಿಜಾರು ಸೂರಿನ ಮನೆಗೆ ತಾರಸಿ ಎಲ್ಲಿಂದ ಬರಬೇಕು? ಆದರೆ ಹಿಂಬದಿಯಲ್ಲಿ ಎರಡು ಟ್ರಸ್ಸಿನ ನಡುವೆ ಹೆಂಚು ತೆಗೆಸಿ, ನೀರು ಹೋಗೋಕೆ ತಗಡಿನ ದೋಣಿ ಕೂರಿಸಿ, ಒಂದು ಸಣ್ಣ ಬಯಲು ತಾರಸಿ ಮೊದಲೇ ಮಾಡಿಸಿದ್ದೆವು. ಬಾಗಿಲು ತೆಗೆದು ತೋರಿಸಿದೆ. ರೇಟಿನ ಮಾತು ಶುರುವಾಗಿದ್ದು ಅಲ್ಲೇ.

ಪಾಲುದಾರ ಹೇಳಿದ ಚದರದ ರೇಟಿಗಿಂತ ಜಾಸ್ತಿಯೇ ಸಿಕ್ಕಿತು. ಕೊಳ್ಳುವವರು ಬಜೆಟ್ ಹಾಕುವಾಗ ನೋಂದಣಿ ಖರ್ಚು ಮರೆಯಬೇಡಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 2 ಆಗಿದೆ, ಮುದ್ರಾಂಕ, ಸೆಸ್ಸು, ಸರ್ಚಾರ್ಜು ಸೇರಿ ಶೇ 5.6. ಕೋಟಿ ರೂಪಾಯಿ ಮನೆಗೆ 7.6 ಲಕ್ಷ. 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಮಾರುವವರಿಗೆ ಕೊಡೋ ಹಣದಲ್ಲಿ ಶೇ 1 ಆದಾಯ ತೆರಿಗೆ (ಟಿಡಿಎಸ್) ಹಿಡಿದು ಕಟ್ಟಬೇಕು. ಕೆಳಗಿನ ಮಹಡಿ ಇನ್ನೂ ನಮ್ಮ ಹತ್ತಿರವೇ ಇದೆ. ಆಫೀಸಿಗೆ ಬಾಡಿಗೆ ಕೇಳುತ್ತಿದ್ದಾರೆ, ಅಲ್ಲಿನ ಗೋಡೆಗೆ ಕಾಗದದ ಮುದ್ದೆ ಮೆತ್ತೋ ಕೆಲಸ ಈಗ ನಡೀತಿದೆ.